ಆಸ್ಪತ್ರೆ ಗಂಟು

ಸರ್ಕಾರ ನಮಗೆ ಆಸರೆ ಕೊಟ್ಟಿತು. ಅದು ಎಂಥ ಆಸರೆ ಅಂತ ಹೇಳುತ್ತೇನೆ, ಕೇಳಿ. ಕೇಳಲು ಮನಸ್ಸಿಲ್ಲದವರು ಎದ್ದು ಹೋಗಬಹುದು. ನನಗೆ ಬೇಜಾರಿಲ್ಲ. ಆ ರೋಗದ ಕಾಲದಲ್ಲಿ ನಮ್ಮನ್ನು ಕಂಡು ಎದ್ದು ಹೋದವರು ಬೇಕಾದಷ್ಟು ಜನ, ನೀವೇನೂ ಮೊದಲನೆಯವರಲ್ಲ.

ನಮ್ಮದು ಲಾಂಡ್ರಿ. ಲಾಂಡ್ರಿ ಅಂದ ಕೂಡಲೇ ಗಾಜಿನ ಬಾಗಿಲು, ಗಿರಗಿರ ತಿರುಗುವ ಮೆಷಿನ್ನು ಅಂದುಕೊಳ್ಳಬೇಡಿ. ಬೀದಿಗೆ ಒಂದು ಶಟರ್ ಕೋಣೆ. ಅಲ್ಲಿ ನನ್ನ ಗಂಡ ಇಸ್ತ್ರಿ ಹಾಕುತ್ತಾನೆ. ಹಿಂದೆ ತಗಡಿನ ಶೆಡ್ಡು. ಅಲ್ಲಿ ಎರಡು ಸಿಮೆಂಟಿನ ತೊಟ್ಟಿ, ಒಂದು ಹಂಡೆ, ಒಂದು ಒಗೆಯುವ ಕಲ್ಲು, ನಾನು, ನನ್ನ ಅತ್ತೆ. ರಾತ್ರಿ ಮೂವರೂ ಶಟರ್ ಕೋಣೆಯಲ್ಲೇ ಮಲಗುತ್ತೇವೆ. ಅತ್ತೆ ಇಸ್ತ್ರಿ ಮೇಜಿನ ಕೆಳಗೆ, ನಾವಿಬ್ಬರು ಪಕ್ಕದಲ್ಲಿ. ಶಟರ್ ಮುಚ್ಚಿದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು.

ಅತ್ತೆಗೆ ಕಣ್ಣು ಮಂಜು. ಆದರೆ ಮೂಗು ಮಾತ್ರ ಭಾರಿ ಚುರುಕು. ಒಗೆದ ಬಟ್ಟೆಯನ್ನು ಮುಖದ ಹತ್ತಿರ ತಂದು ಒಂದು ಸಲ ಉಸಿರು ಎಳೆದರೆ ಸಾಕು. “ಇದರಲ್ಲಿ ಸೋಪು ಉಳಿದಿದೆ ಕಣೇ, ಇನ್ನೊಂದು ನೀರಿಗೆ ಹಾಕು” ಅನ್ನುತ್ತಿದ್ದಳು. ಯಾವ ಮನೆಯ ಬಟ್ಟೆ ಯಾವುದು ಅಂತ ಮೂಸಿಯೇ ಬೇರೆ ಮಾಡುತ್ತಿದ್ದಳು. ಗುರುತಿನ ದಾರ ನೋಡುತ್ತಿದ್ದವಳು ನಾನು, ಅವಳಿಗೆ ಅದರ ಹಂಗೇ ಇರಲಿಲ್ಲ. ನನ್ನ ಗಂಡ ಕದ್ದು ಬೀಡಿ ಸೇದಿ ಬಂದರೆ ಬೀದಿಯಲ್ಲಿರುವಾಗಲೇ ಬಯ್ಯಲು ಶುರು ಮಾಡುತ್ತಿದ್ದಳು.

ರೋಗ ಬಂತು, ಊರೆಲ್ಲ ಬಾಗಿಲು ಹಾಕಿತು. ನಮ್ಮ ಶಟರೂ ಇಳಿಯಿತು. ಮುಚ್ಚಿದ ಶಟರಿನ ಹಿಂದೆ ಮೂರು ಜನ ಬೆವರುತ್ತಾ ಕೂತಿದ್ದೆವು. ಟೀವಿಯಲ್ಲಿ ದೊಡ್ಡ ಮನುಷ್ಯರೊಬ್ಬರು ಬಂದು ಸಣ್ಣ ಉದ್ಯಮಗಳ ಕೈ ಬಿಡುವುದಿಲ್ಲ, ಎಲ್ಲರಿಗೂ ಆಸರೆ ಕೊಡುತ್ತೇವೆ ಅಂದರು.

“ಉದ್ಯಮ ಅಂದ್ರೆ ನಾವಾ?” ಅಂತ ಅತ್ತೆ ಕೇಳಿದಳು.

“ಹೌದಂತೆ ಅತ್ತೆ. ಲಾಂಡ್ರಿ ಹೆಸರೂ ಹೇಳಿದ್ರು.”

“ಹಾಳಾದೋರು, ಮೊದಲೇ ಹೇಳೋದಲ್ವಾ? ಇಷ್ಟು ವರ್ಷ ಸ್ವಲ್ಪ ಜಂಬ ಆದ್ರೂ ಮಾಡ್ತಿದ್ದೆ.”

ಅವತ್ತು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಆ ಕೋಣೆಯಲ್ಲಿ ಅಷ್ಟು ನಗು ಬರಲಿಲ್ಲ.

ಕಚೇರಿಗೆ ನಾನೇ ಹೋದೆ. ನನ್ನ ಗಂಡನಿಗೆ ಕಚೇರಿ ಅಂದರೆ ನಾಲಿಗೆ ಒಣಗುತ್ತದೆ. ಬಿಸಿಲಲ್ಲಿ ಸಾಲು. ಕ್ಷೌರದವರು, ಟೈಲರುಗಳು, ಚಪ್ಪಲಿ ಹೊಲಿಯುವವರು, ಟೀ ಕಾಸುವವರು, ಎಲ್ಲ ಉದ್ಯಮಿಗಳು. ಮಧ್ಯಾಹ್ನದ ಮೇಲೆ ನನ್ನ ಸರದಿ ಬಂತು. ಗಾಜಿನ ಹಿಂದೆ ಸಾಹೇಬ ಕೂತಿದ್ದ. ಸಣ್ಣ ವ್ಯಾಪಾರದವರಿಗೆಲ್ಲ ಅವನೇ ಮೇಲಿನವನು. ಎದುರಿಗೆ ಬಹುವಚನದಲ್ಲೇ ಮಾತಾಡಿದ್ದೇನೆ. ಈಗ ಅವನಿಲ್ಲದ ಕಡೆ ಹೇಳುವಾಗ ನನ್ನ ಬಾಯಲ್ಲಿ ಬಹುವಚನ ಬರುವುದಿಲ್ಲ, ಏನು ಮಾಡಲಿ.

“ಸರ್ಕಾರ ಭಿಕ್ಷೆ ಕೊಡಲ್ಲಮ್ಮ. ಕೆಲಸ ಕೊಡುತ್ತೆ. ಮರ್ಯಾದೆಯಿಂದ ದುಡ್ಕೊಂಡು ತಿನ್ನಿ” ಅಂದ.

ಕೆಲಸ ಏನೆಂದರೆ, ಊರಾಚೆಯ ದೊಡ್ಡ ಶಾಲೆಯನ್ನು ರೋಗಿಗಳ ಆಸ್ಪತ್ರೆ ಮಾಡಿದ್ದರು. ಅಲ್ಲಿಯ ಹಾಸಿಗೆ ಬಟ್ಟೆ ದಿನಾ ಒಗೆದು ಕೊಡಬೇಕು. ಒಪ್ಪಿಕೊಂಡರೆ ಒಂದು ಹಸಿರು ಬೋರ್ಡು ಕೊಡುತ್ತಾರೆ. ಅದನ್ನು ಶಟರಿಗೆ ನೇತು ಹಾಕಿದರೆ ಅಂಗಡಿ ತೆಗೆಯಬಹುದು, ಪೊಲೀಸರು ಕೇಳುವುದಿಲ್ಲ. ಒಪ್ಪದಿದ್ದರೆ ಶಟರ್ ಮುಚ್ಚಿಕೊಂಡೇ ಕೂರಬೇಕು. ದೊಡ್ಡ ಲಾಂಡ್ರಿಯವರೆಲ್ಲ ಆಗಲ್ಲ ಅಂದಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

“ಗ್ಲೌಸು ಕೊಡ್ತೀರಾ ಸಾರ್? ಕೈಗೆ, ಬಾಯಿಗೆ ಏನಾದ್ರೂ?”

“ಅದು ಸ್ಕೀಮಲ್ಲಿ ಇಲ್ಲ. ನಿಮ್ಮದು ಉದ್ಯಮ ಅಲ್ವಾ? ಸಾಮಾನು ನೀವೇ ನೋಡ್ಕೋಬೇಕು.”

ಎಲ್ಲಿಂದ ನೋಡಿಕೊಳ್ಳುವುದು? ಔಷಧಿ ಅಂಗಡಿಯವನು ಇಲ್ಲ ಅಂತ ಕೈ ಅಲ್ಲಾಡಿಸಿದ. ಇದ್ದಬದ್ದದ್ದೆಲ್ಲ ದೊಡ್ಡ ಮನೆಗಳಿಗೆ ಹೋಗಿತ್ತು. ನಾನು ಬೋರ್ಡು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಶಟರ್ ಮೇಲೆ ಹೋಯಿತು.

ಮಾರನೆ ದಿನ ವ್ಯಾನು ಬಂತು. ಡ್ರೈವರ್ ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು ತೊಟ್ಟಿದ್ದ. ಕಣ್ಣು ಮಾತ್ರ ಕಾಣುತ್ತಿತ್ತು, ಅದಕ್ಕೂ ಕನ್ನಡಕ. “ಅಕ್ಕಾ, ದೂರ ನಿಂತ್ಕೊಳ್ಳಿ, ದೂರ” ಅಂತ ಕೂಗಿ ಗಂಟುಗಳನ್ನು ನಮ್ಮ ಕಾಲ ಬುಡಕ್ಕೆ ಉರುಳಿಸಿದ. ಅವನು ಅಷ್ಟು ದೂರದಿಂದ ಉರುಳಿಸಿದ್ದನ್ನು ನಾವು ಎತ್ತಿ ಎದೆಗೆ ಅವುಚಿಕೊಂಡು ಒಳಗೆ ಒಯ್ಯಬೇಕಿತ್ತು. ನನ್ನ ಮೈ ಮೇಲೆ ಹಳೇ ನೈಟಿ. ಅತ್ತೆ ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು.

ಗಂಟು ಬಿಚ್ಚಿದರೆ ಏನಿರುತ್ತಿತ್ತು ಅಂತ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ನಾವು ಮುಟ್ಟಿದ್ದನ್ನು ನೀವು ಕೇಳಲಾದರೂ ಬೇಕು. ವಾಂತಿ. ಕಫ. ಮಲ. ಒಣಗಿ ರಟ್ಟಿನ ಹಾಗಾದ ರಕ್ತ. ಕೆಲವು ಹಾಸಿಗೆ ಬಟ್ಟೆಯ ಮೇಲೆ ಮಲಗಿದವರು ಎದ್ದಿದ್ದರು, ಕೆಲವರನ್ನು ಅದರಲ್ಲೇ ಸುತ್ತಿ ಎತ್ತಿದ್ದರು. ಯಾವುದು ಯಾವುದು ಅಂತ ನಮಗೆ ತಿಳಿಯುತ್ತಿತ್ತು. ಹೇಗೆ ಅಂತ ಹೇಳುವುದಿಲ್ಲ.

ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿದೆವು. ಕುದಿಯುವ ನೀರಲ್ಲಿ ಚೀಲ ಮೆತ್ತಗಾಗಿ ಚರ್ಮಕ್ಕೆ ಅಂಟಿತು. ಕಿತ್ತು ಬಿಸಾಕಿದೆವು. ಆಮೇಲೆ ಬರಿಗೈಯೇ. ಬ್ಲೀಚಿಂಗ್ ಪುಡಿ ನೀರಲ್ಲಿ ಅದ್ದಿ, ಹಂಡೆಯಲ್ಲಿ ಕುದಿಸಿ, ಕೋಲಲ್ಲಿ ತಿರುವಿ, ಕಲ್ಲಿಗೆ ಬಡಿದು, ಮತ್ತೆ ನೀರಿಗೆ. ಬೆರಳ ಸಂದುಗಳು ಬಿರಿದು ಒಳಗಿನ ಕೆಂಪು ಕಾಣತೊಡಗಿತು. ಊಟಕ್ಕೆ ಕೂತರೆ ಉಪ್ಪು ತಾಗಿ ಪ್ರಾಣ ಹೋಗುತ್ತಿತ್ತು, ಚಮಚದಲ್ಲಿ ತಿಂದೆವು. ಒದ್ದೆ ಬೆಡ್‌ಶೀಟನ್ನು ಒಂದು ತುದಿ ನಾನು, ಒಂದು ತುದಿ ಅತ್ತೆ ಹಿಡಿದು ಎದುರುಬದುರು ತಿರುಚುತ್ತಿದ್ದೆವು. ಕೊನೆಯ ಹನಿ ಬೀಳುವವರೆಗೆ ಬಿಡಬಾರದು. ಸಂಜೆಗೆ ಅತ್ತೆಯ ತೋಳು ತಾನಾಗಿಯೇ ಅದುರುತ್ತಿತ್ತು.

ವ್ಯಾನು ಬಂದದ್ದನ್ನು ಬೀದಿ ನೋಡಿತು. ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ದೂರದಿಂದಲೇ ತಮ್ಮ ಬಟ್ಟೆ ವಾಪಸ್ ಕೇಳಿದರು. ಇಸ್ತ್ರಿ ಆಗಿದ್ದನ್ನೂ ಕೋಲಲ್ಲಿ ಎತ್ತಿ ಚೀಲಕ್ಕೆ ಹಾಕಿಕೊಂಡರು. ಕಿರಾಣಿಯವನು ನಮಗೆ ಅಂತಲೇ ಮೆಟ್ಟಿಲ ಕೆಳಗೆ ಒಂದು ಬುಟ್ಟಿ ಇಟ್ಟ. ಬೀದಿ ನಲ್ಲಿಗೆ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ನಾನು ಮುಟ್ಟಿದ ನಲ್ಲಿಗೆ ಆಮೇಲೆ ನೀರು ಸುರಿದು ತೊಳೆಯುತ್ತಿದ್ದರು. ನಲ್ಲಿಯನ್ನು ತೊಳೆಯಲು ಅದೇ ನಲ್ಲಿಯ ನೀರು ಬೇಕಿತ್ತು, ಅದನ್ನು ಯಾರೂ ಯೋಚಿಸಲಿಲ್ಲ.

ಮನೆ ಬಟ್ಟೆ ಅಂತ ನಮ್ಮಲ್ಲಿಗೆ ಬರುತ್ತಿದ್ದದ್ದು ಒಂದೇ ಒಂದು ಗಂಟು, ಸಾಹೇಬನ ಮನೆಯದು. ಹಸಿರು ಬೋರ್ಡು ಸಿಕ್ಕ ವಾರವೇ ಅವನ ಪ್ಯೂನು ಅದನ್ನು ತಂದಿಟ್ಟಿದ್ದ. ಒಗೆದುಕೊಡಿ ಅಂತ ಯಾರೂ ಹೇಳಲಿಲ್ಲ, ಇಷ್ಟು ಕೊಡುತ್ತೇವೆ ಅಂತಲೂ ಹೇಳಲಿಲ್ಲ. ನಮಗೆ ಅರ್ಥವಾಯಿತು. ಅವನ ಮನೆಯಲ್ಲಿ ಎಲ್ಲ ಬಿಳಿ ಬೆಡ್‌ಶೀಟುಗಳು. ಒಗೆಯುವವರು ಬೇರೆಯವರಾದರೆ ಬಿಳಿ ಯಾರಿಗೆ ಇಷ್ಟವಿಲ್ಲ? ಅವನ ಬಟ್ಟೆಗೆ ಒಂದು ತೊಟ್ಟಿ, ಆಸ್ಪತ್ರೆಯದಕ್ಕೆ ಇನ್ನೊಂದು. ಅವನದಕ್ಕೆ ವಾಸನೆ ಸೋಪು, ಆಸ್ಪತ್ರೆಯದಕ್ಕೆ ಬ್ಲೀಚಿಂಗು. ಒಣಗಿದ ಮೇಲೆ ನೋಡಲು ಎರಡೂ ಬಿಳಿ. ಆಸ್ಪತ್ರೆಯದಕ್ಕೆ ಮೂಲೆಯಲ್ಲಿ ಒಂದು ನೀಲಿ ಮುದ್ರೆ, ಕುದಿಸಿ ಕುದಿಸಿ ಮಾಸಿದ್ದು.

ಆಮೇಲೆ ಅತ್ತೆಗೆ ಜ್ವರ ಬಂತು. ಮೈ ಹಂಡೆಯ ಹಾಗೆ ಕಾದಿತ್ತು. ಆಸ್ಪತ್ರೆಗೆ ಹೋಗೋಣ ಅಂದೆ.

“ಬಾಯಿ ಮುಚ್ಚು. ಹೋದ್ರೆ ನನ್ನ ಅಲ್ಲೇ ಹಾಕ್ಕೊಳ್ತಾರೆ, ಇಲ್ಲಿ ಬೀಗ ಜಡೀತಾರೆ. ಆಮೇಲೆ ನೀವಿಬ್ರು ಎಲ್ಲಿ ಮಲಗ್ತೀರಿ, ರಸ್ತೇಲಾ?”

ಮೇಜಿನ ಕೆಳಗೇ ಮಲಗಿ ಕೆಮ್ಮಿದಳು. ಬೀದಿಗೆ ಕೇಳಬಾರದು ಅಂತ ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ಮಿದಳು. ಅವಳ ಪಾಲಿನ ಹಿಂಡುವ ತುದಿಯನ್ನು ಕಂಬಕ್ಕೆ ಕಟ್ಟಿ ನಾನೊಬ್ಬಳೇ ತಿರುಚಿದೆ. ಗಟ್ಟಿ ಮುದುಕಿ, ಬದುಕಿಕೊಂಡಳು. ಆದರೆ ಎದ್ದ ಮೇಲೆ ಕೈಯಲ್ಲಿ ಶಕ್ತಿ ಇರಲಿಲ್ಲ. “ಕೂತು ಮಡಚಿ ಕೊಡಿ, ಸಾಕು” ಅಂದೆ. ಅವಳು ಒಣಗಿದ ಬಟ್ಟೆಯನ್ನು ಮೊದಲಿನ ಹಾಗೆಯೇ ಮುಖಕ್ಕೆ ತರುತ್ತಿದ್ದಳು, ಉಸಿರು ಎಳೆಯುತ್ತಿದ್ದಳು, ಆ ಕಡೆ ಈ ಕಡೆ ಇಡುತ್ತಿದ್ದಳು. ನಾನು ನೋಡಿ ನಿಶ್ಚಿಂತೆಯಾಗಿದ್ದೆ.

ಒಂದು ಬೆಳಿಗ್ಗೆ ಸಾಹೇಬನ ಕಾರು ಬಂದು ಬೀದಿಯಲ್ಲಿ ನಿಂತಿತು. ಅವನು ಇಳಿದ, ಚರಂಡಿಯ ಆಚೆಯೇ ನಿಂತ. ಮುಖಕ್ಕೆ ಒಂದರ ಮೇಲೊಂದು ಮಾಸ್ಕು. ಪ್ಯೂನು ಒಂದು ಉದ್ದ ಕೋಲಿನ ತುದಿಯಲ್ಲಿ ಒಂದು ಬೆಡ್‌ಶೀಟು ಸಿಕ್ಕಿಸಿಕೊಂಡು ತಂದು ನಮ್ಮ ಹೊಸ್ತಿಲ ಮುಂದೆ ಒದರಿದ.

“ಮೂಲೆ ನೋಡೇ!” ಸಾಹೇಬ ಕಿರುಚಿದ.

ನೋಡಿದೆ. ನೀಲಿ ಮುದ್ರೆ.

“ರಾತ್ರಿಯೆಲ್ಲ ನಮ್ಮ ಹಾಸಿಗೆ ಮೇಲೆ ಇತ್ತು! ನನ್ನ ಹೆಂಡತಿ ಅದರ ಮೇಲೆ ಮಲಗಿದ್ದಾಳೆ. ಬೆಳಿಗ್ಗೆ ಮುದ್ರೆ ನೋಡಿದಾಗಿಂದ ಮೈ ಉಜ್ಜಿಕೊಂಡು ಅಳ್ತಾ ಇದ್ದಾಳೆ. ಬೇಕಂತಲೇ ಮಾಡಿದ್ದೀರಿ ನೀವು!”

“ಇಲ್ಲ ಸಾರ್. ಕುದಿಸಿದ ಬಟ್ಟೆ ಸಾರ್, ಅದರಲ್ಲಿ ಏನೂ ಉಳಿಯಲ್ಲ.”

“ನೀನು ಡಾಕ್ಟ್ರಾ? ಯಾರು ಮಡಚಿದ್ದು ಇದನ್ನ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೇಜು ಹಿಡಿದುಕೊಂಡು ಮುಂದೆ ಬಂದಳು. “ನಾನು ಸ್ವಾಮಿ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಮಾತು ಸಣ್ಣಗಿತ್ತು. “ನಂಗೆ ವಾಸನೆ ಬರ್ತಿಲ್ಲ ಕಣೇ. ಜ್ವರ ಬಿಟ್ಟಾಗಿಂದ ಏನೂ ಬರ್ತಿಲ್ಲ. ಸೋಪೂ ಇಲ್ಲ, ಬ್ಲೀಚಿಂಗೂ ಇಲ್ಲ. ಅಂದಾಜಿನ ಮೇಲೆ ಇಡ್ತಿದ್ದೆ.”

“ಯಾಕೆ ಹೇಳಲಿಲ್ಲ ಅತ್ತೆ?”

“ಹೇಳಿದ್ರೆ ನೀನು ನನ್ನ ಸುಮ್ನೆ ಕೂರಿಸ್ತಿದ್ದೆ. ಕೂತು ತಿನ್ನೋಕೆ ನಂಗೆ ಬರಲ್ಲ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಜೀವಮಾನವಿಡೀ ಮೂಗಿನಿಂದ ಅನ್ನ ದುಡಿದವಳು ಅವಳು. ಆ ಮೂಗನ್ನು ಆಸ್ಪತ್ರೆ ಗಂಟು ತಿಂದಿತ್ತು. ಗಂಟು ಕೊಟ್ಟವನು ಚರಂಡಿಯ ಆಚೆ ನಿಂತಿದ್ದ.

ಅವನು ಕೇಳಿಸಿಕೊಂಡಿದ್ದು ಒಂದೇ ಮಾತು. “ಜ್ವರ ಬಂದಿತ್ತಾ? ಈ ಮುದುಕಿಗೆ ರೋಗ ಇತ್ತಾ? ಮುಚ್ಚಿಟ್ರಾ?” ಅಂತ ಎರಡು ಹೆಜ್ಜೆ ಹಿಂದೆ ಹಾರಿದ.

ಅತ್ತೆ ಹೆದರಿದಳು. “ತಪ್ಪಾಯ್ತು ಸ್ವಾಮಿ, ಕಾಲಿಗೆ ಬೀಳ್ತೀನಿ, ಅಂಗಡಿ ಮುಚ್ಚಿಸಬೇಡಿ” ಅಂತ ಚರಂಡಿ ದಾಟಲು ಹೋದಳು.

“ಏ! ಅಲ್ಲೇ ಇರು! ಹತ್ತಿರ ಬಂದ್ರೆ ನೋಡು!” ಪ್ಯೂನಿನ ಕೈಯಿಂದ ಕೋಲು ಕಿತ್ತುಕೊಂಡು ಅವಳ ಎದೆಗೆ ಒಡ್ಡಿದ. “ಅಲ್ಲಿಂದಲೇ ಬೀಳು.”

ಕಾಲಿಗೆ ಬೀಳಲೂ ನಮಗೆ ಯೋಗ್ಯತೆ ಇರಲಿಲ್ಲ. ಅತ್ತೆ ಚರಂಡಿಯ ಈಚೆ, ಬ್ಲೀಚಿಂಗ್ ನೀರು ಹರಿದು ಬಿಳಿಯಾಗಿದ್ದ ನೆಲದ ಮೇಲೆ ಮಂಡಿಯೂರಿದಳು. ಎದುರು ಮನೆಗಳ ಕಿಟಕಿಗಳಲ್ಲಿ ತಲೆಗಳಿದ್ದವು. ನನ್ನ ಗಂಡ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆಯೇ ಬಿಟ್ಟು ಗೋಡೆಗೆ ಅಂಟಿ ನಿಂತಿದ್ದ. ಪೆಟ್ಟಿಗೆಯ ಕೆಳಗಿದ್ದ ಬಟ್ಟೆ ಸುಡುತ್ತಿತ್ತು. ಆ ವಾಸನೆ ನನಗೆ ಬಂತು. ಅತ್ತೆಗೆ ಬರಲಿಲ್ಲ.

ಸಾಹೇಬ ಸ್ವಲ್ಪ ತಣ್ಣಗಾದ. ಎದುರಿಗಿದ್ದವರು ಮಂಡಿಯೂರಿದರೆ ಅಂಥವರಿಗೆ ಕೋಪ ಇಳಿಯುತ್ತದೆ. “ನೋಡು, ನಾನು ಕೆಟ್ಟವನಲ್ಲ. ಆಸ್ಪತ್ರೆ ಕೆಲಸ ನಿಲ್ಲಬಾರದು ಅಂತ ಬೋರ್ಡು ಬಿಟ್ಟಿರ್ತೀನಿ. ಈ ಮುದುಕಿ ಇಲ್ಲಿ ಇರಕೂಡದು, ಎಲ್ಲಾದ್ರೂ ಕಳಿಸು. ನಮ್ಮ ಮನೆ ಬಟ್ಟೆ ನೀನೇ ಒಗೀಬೇಕು, ಹೊಸ ತೊಟ್ಟಿಯಲ್ಲಿ, ಬೇರೆ ಮೂಲೆಯಲ್ಲಿ. ಇನ್ನು ಬರಿಗೈಯಲ್ಲಿ ಮುಟ್ಟಬಾರದು” ಅಂದ. ಪ್ಯೂನಿಗೆ ಸನ್ನೆ ಮಾಡಿದ. ಪ್ಯೂನು ಕಾರಿನಿಂದ ಸಾಹೇಬನ ಮನೆಯ ಗಂಟನ್ನೂ ಅದರ ಮೇಲೆ ಒಂದು ರಟ್ಟಿನ ಡಬ್ಬಿಯನ್ನೂ ತಂದು ಹೊಸ್ತಿಲಲ್ಲಿ ಇಟ್ಟ.

ಡಬ್ಬಿಯ ತುಂಬ ಗ್ಲೌಸು.

ನಾನು ತಿಂಗಳುಗಟ್ಟಲೆ ಕೇಳಿದ್ದ ಗ್ಲೌಸು. ಔಷಧಿ ಅಂಗಡಿಯಲ್ಲಿ ಇಲ್ಲದ ಗ್ಲೌಸು. ನೀಲಿ ಬಣ್ಣದ್ದು, ಮೊಣಕೈವರೆಗೆ ಬರುವಂಥದ್ದು.

“ಇದು ಆಸ್ಪತ್ರೆ ಬಟ್ಟೆಗಾ ಸಾರ್?” ಅಂತ ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

“ತಲೆ ಇದೆಯಾ ನಿಂಗೆ? ನಮ್ಮ ಮನೆ ಬಟ್ಟೆಗೆ. ಹಾಕ್ಕೊಂಡು ಒಗಿ, ಬಿಚ್ಚಿ ಬೇರೆ ಇಡು.”

ಅಲ್ಲಿಗೆ ಮುಗಿಯಿತು. ಸತ್ತವರ ಹಾಸಿಗೆ ಮುಟ್ಟಲು ನನಗೆ ಬರಿಗೈ ಸಾಕು. ಅವನ ದಿಂಬಿನ ಚೀಲ ಮುಟ್ಟಲು ಗ್ಲೌಸು ಬೇಕು. ರೋಗ ಅವನ ಬಟ್ಟೆಯಿಂದ ನನಗೆ ಬರುತ್ತದೆ ಅಂತಲ್ಲ, ನನ್ನ ಕೈಯಿಂದ ಅವನಿಗೆ ಹೋಗುತ್ತದೆ ಅಂತ. ನಾನೇ ರೋಗ. ಇದು ನನಗೆ ಅವತ್ತು ಹೊಸದಾಗಿ ತಿಳಿದದ್ದೂ ಅಲ್ಲ. ರೋಗ ಬರುವ ಮೊದಲೂ ನಮ್ಮ ಕೈ ಬೇಕಿತ್ತು, ನಾವು ಬೇಕಿರಲಿಲ್ಲ.

ನಾನು ಡಬ್ಬಿ ಎತ್ತಿಕೊಂಡೆ. ಅತ್ತೆಯ ತೋಳು ಹಿಡಿದು ಎಬ್ಬಿಸಿದೆ. ಅವಳ ಬಿರಿದ ಬೆರಳುಗಳನ್ನು ಸೆರಗಿನಿಂದ ಒರೆಸಿ ಒಂದೊಂದೇ ಬೆರಳು ಸರಿಮಾಡಿ ಗ್ಲೌಸು ತೊಡಿಸಿದೆ.

“ಏನು ಮಾಡ್ತಿದ್ದೀಯೇ?” ಸಾಹೇಬ ಕೂಗಿದ.

“ಇವರು ಎಲ್ಲಿಗೂ ಹೋಗಲ್ಲ. ಈ ಗ್ಲೌಸು ಆಸ್ಪತ್ರೆ ಬಟ್ಟೆಗೆ. ನಿಮ್ಮ ಬಟ್ಟೆ ನೀವು ತಗೊಂಡು ಹೋಗಿ. ಅಲ್ಲಿ ಬಿದ್ದಿರೋ ರೋಗಿಗಳ ಹೇಲು ಬಳೀತೀನಿ, ನಿಮ್ಮ ಮನೆ ದಿಂಬಿನ ಚೀಲ ಇನ್ನು ಒಗೆಯಲ್ಲ.” ಅವನ ಗಂಟನ್ನು ಕಾಲಲ್ಲಿ ಒದ್ದೆ. ಅದು ಉರುಳಿ ಚರಂಡಿಗೆ ಬಿತ್ತು.

ನನ್ನ ಗಂಡ “ಅಯ್ಯೋ!” ಅಂದ. ಬೀದಿಯೂ ಅಂದಿತು ಅಂತ ಕಾಣುತ್ತದೆ.

ಸಾಹೇಬನ ಮುಖ ಕಪ್ಪಿಟ್ಟಿತು. “ಹೊರಗೆ ಬನ್ನಿ ಎಲ್ಲ. ಹೊರಗೆ!” ಪ್ಯೂನಿನ ಕೈಯಲ್ಲಿ ಬೋರ್ಡು ಕೀಳಿಸಿದ, ಶಟರ್ ಎಳೆಸಿದ, ಬೀಗ ಹಾಕಿಸಿದ. ಬೀಗದ ಕೈ ತಾನೇ ಇಸಿದುಕೊಂಡು ಜೇಬಿಗೆ ಇಳಿಸಿದ. “ಕೊಬ್ಬು ಇಳೀಲಿ. ಆಮೇಲೆ ಬಂದು ಕಾಲು ಹಿಡ್ಕೊಳ್ತೀರಿ” ಅಂತ ಹೇಳಿ ಕಾರು ಹತ್ತಿದ. ಕಾಲು ಹಿಡಿಯಲು ಬಂದವಳಿಗೆ ಕೋಲು ಒಡ್ಡಿದ್ದು ಅವನಿಗೆ ಆಗಲೇ ಮರೆತುಹೋಗಿತ್ತು.

ಮೂವರೂ ಮುಚ್ಚಿದ ಶಟರಿಗೆ ಒರಗಿ ಕೂತೆವು. ಬಟ್ಟೆ, ಪಾತ್ರೆ, ಅಕ್ಕಿ, ಅತ್ತೆಯ ಮಾತ್ರೆ, ಎಲ್ಲ ಒಳಗೆ. ಬಿಸಿಲು ಏರಿತು. ತಗಡು ಬೆನ್ನು ಸುಡುತ್ತಿತ್ತು. ಒಂದು ಲೋಟ ನೀರು ಕೊಡಿ ಅಂತ ಕೇಳಲು ಒಂದೂ ಬಾಗಿಲು ತೆರೆದಿರಲಿಲ್ಲ.

“ತೃಪ್ತಿ ಆಯ್ತಾ?” ನನ್ನ ಗಂಡ ಶುರು ಮಾಡಿದ. “ಒಂದು ಗಂಟು ಒಗೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ರಾತ್ರಿ ಎಲ್ಲಿ ಮಲಗೋದು? ನಮ್ಮಮ್ಮನ್ನ ಎಲ್ಲಿ ಮಲಗಿಸ್ಲಿ, ಹೇಳು.”

“ನಿಮ್ಮಮ್ಮನ ಎದೆಗೆ ಕೋಲು ಇಟ್ಟಾಗ ಎಲ್ಲಿದ್ರಿ ರೀ ನೀವು?”

ನನಗೂ ಒಳಗೊಳಗೇ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಗ್ಲೌಸು ಹಾಕಿದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಚೆನ್ನಾಗಿದೆ ಕಣೇ. ದೊಡ್ಡ ಡಾಕ್ಟ್ರಮ್ಮನ ಥರ ಕಾಣ್ತೀನಿ” ಅಂದಳು.

ಮಧ್ಯಾಹ್ನ ಎಂದಿನಂತೆ ವ್ಯಾನು ಬಂತು. ಡ್ರೈವರ್ ಇಳಿದು ಬೀಗ ನೋಡಿದ, ನಮ್ಮನ್ನು ನೋಡಿದ.

“ಏನಕ್ಕಾ ಇದು?”

“ಸಾಹೇಬರು ಬೀಗ ಹಾಕಿದ್ದಾರೆ.”

“ಮತ್ತೆ ಇದನ್ನೆಲ್ಲ ಎಲ್ಲಿ ಹಾಕ್ಲಿ? ವಾಪಸ್ ತಗೊಂಡು ಹೋದ್ರೆ ಆಸ್ಪತ್ರೆ ಗೇಟಲ್ಲೇ ತಡೀತಾರೆ. ಬೇರೆ ಯಾವ ಲಾಂಡ್ರಿಯವರೂ ಮುಟ್ಟಲ್ಲ. ಇದನ್ನ ತಲೆದಿಂಬು ಮಾಡ್ಕೊಂಡು ವ್ಯಾನಲ್ಲೇ ಮಲಗ್ಲಾ?”

ಅವನು ಅದನ್ನು ತಮಾಷೆಗೆ ಹೇಳಿದ. ನನಗೆ ಮಾತ್ರ ಅದು ತಮಾಷೆಯಾಗಿ ಕೇಳಲಿಲ್ಲ. ಅದನ್ನು ಮುಟ್ಟುವವರು ಊರಲ್ಲಿ ನಾನು, ಅತ್ತೆ ಇಬ್ಬರೇ. ಸಿಟ್ಟಲ್ಲಿ ಬೀಗ ಹಾಕಿ ಕಾರು ಹತ್ತಿದವನಿಗೆ ಅದು ಮರೆತೇ ಹೋಗಿತ್ತು.

“ಬೀಗದ ಕೈ ಯಾರ ಹತ್ರ ಇದೆಯೋ ಅವರ ಮನೆಗೆ ಹೋಗೋಣ. ದಾರಿ ನಾನು ತೋರಿಸ್ತೀನಿ” ಅಂದೆ.

“ಅಕ್ಕಾ! ನನ್ನ ಕೆಲಸ ಹೋಗುತ್ತೆ.”

“ಇಳಿಸೋ ಜಾಗಕ್ಕೆ ಬೀಗ ಬಿದ್ದಿತ್ತು, ಬೀಗದ ಕೈ ಕೇಳೋಕೆ ಬಂದೆ ಅನ್ನು. ಇದರಲ್ಲಿ ಸುಳ್ಳೇನಿದೆ?”

ಅವನು ಪ್ಲಾಸ್ಟಿಕ್ಕಿನ ಒಳಗೆ ನಕ್ಕ. ಕನ್ನಡಕದ ಮೇಲೆ ಆವಿ ಕಟ್ಟಿತು. “ಹತ್ತಿ” ಅಂದ.

ನಾನು, ಅತ್ತೆ ಹಿಂದೆ ಗಂಟುಗಳ ನಡುವೆ ಕೂತೆವು. ನನ್ನ ಗಂಡ ಬೀದಿಯಲ್ಲೇ ನಿಂತಿದ್ದ. ವ್ಯಾನು ಹೊರಟ ಮೇಲೆ ಓಡಿ ಬಂದು ಹಿಂದಿನ ಕಂಬಿ ಹಿಡಿದು ಹತ್ತಿದ.

ಸಾಹೇಬನ ಮನೆ ಎರಡು ಮಹಡಿ. ದೊಡ್ಡ ಗೇಟು, ಗೇಟಿನ ಪಕ್ಕ ಹೂವಿನ ಕುಂಡಗಳು. ಬಟ್ಟೆ ಕೊಡಲು ನಾನು ಯಾವಾಗಲೂ ಹಿಂದಿನ ಸಂದಿಯಿಂದ ಹೋಗುತ್ತಿದ್ದೆ. ಅವತ್ತು ಮುಂದಿನ ಗೇಟಿಗೆ ಹೋದೆವು. ಡ್ರೈವರ್ ಇಳಿಸಲು ಬಂದ. ನನ್ನ ಗಂಡ ಅವನನ್ನು ಸರಿಸಿ ತಾನೇ ಗಂಟು ಎತ್ತಿದ. ಅಷ್ಟು ದಿನ ಆಸ್ಪತ್ರೆ ಗಂಟನ್ನು ಅವನು ಮುಟ್ಟಿರಲಿಲ್ಲ. ಬರಿಗೈಯಲ್ಲಿ ಎತ್ತಿ ಎದೆಗೆ ಅವುಚಿ ಗೇಟಿನ ಬಾಯಿಗೇ ಇಳಿಸಿದ. ಒಂದಾದ ಮೇಲೊಂದು. ಗೇಟು ಅರ್ಧ ಮುಚ್ಚಿಹೋಯಿತು. ಒಂದು ಗಂಟು ಬಿಚ್ಚಿಕೊಂಡು ಒಳಗಿನದು ಹೊರಗೆ ಬಂತು. ಗಬ್ಬು ನಾತ ಎದ್ದಿತು. ಬಿಚ್ಚದ ಗಂಟೊಂದರ ಮೇಲೆ ನಾನು ಕೂತುಕೊಂಡೆ.

ಮೊದಲು ಮೇಲಿನ ಕಿಟಕಿಯಲ್ಲಿ ಸಾಹೇಬನ ಹೆಂಡತಿ ಕಿರುಚಿದಳು. ಆಮೇಲೆ ಸಾಹೇಬ ಬಾಲ್ಕನಿಗೆ ಬಂದ.

“ಏಯ್! ತೆಗೀರಿ ಅದನ್ನ! ರೋಗ ಹರಡಿಸೋಕೆ ಬಂದಿದ್ದೀರಾ? ಕೇಸ್ ಹಾಕಿಸ್ತೀನಿ!”

“ಹಾಕಿಸಿ ಸಾಹೇಬ್ರೇ!” ಅಂತ ನಾನೂ ಕೂಗಿದೆ.

ಅವನು ಫೋನ್ ಮಾಡಿದ. ಮೊದಲು ಪ್ಯೂನು ಬಂದ, ಬೀದಿಯ ತುದಿಯಲ್ಲೇ ನಿಂತ. “ಸಾರ್, ನಂಗೆ ಮಕ್ಕಳಿದಾವೆ ಸಾರ್” ಅಂತ ಅಲ್ಲಿಂದಲೇ ಕೈ ಮುಗಿದ. ಸಾಹೇಬ ಕಸದ ಗಾಡಿಯವರಿಗೆ ಹೇಳಿ ಕಳಿಸಿದ. ಅವರು ಬಂದು ಮುದ್ರೆ ನೋಡಿದರು, ಗಾಡಿ ಹಿಂದಕ್ಕೆ ತಿರುಗಿಸಿದರು. ಆಮೇಲೆ ಇಬ್ಬರು ಪೊಲೀಸರು ಬಂದರು. ಲಾಠಿಯನ್ನು ಮುಂದಕ್ಕೆ ಚಾಚಿಕೊಂಡು ದೂರ ನಿಂತರು.

“ಏಳಮ್ಮ. ಒಳ್ಳೆ ಮಾತಲ್ಲಿ ಹೇಳ್ತಿದ್ದೀನಿ” ಅಂತ ಒಬ್ಬ ಹೇಳಿದ.

“ಕೆಟ್ಟ ಮಾತಲ್ಲಿ ಹೇಳಿದ್ರೂ ಏಳಲ್ಲ. ಎಬ್ಬಿಸಿ. ಕೈ ಹಿಡಿದು ಎಳೀರಿ, ಬರ್ತೀನಿ.”

ಅವನು ತನ್ನ ಜೊತೆಯವನ ಮುಖ ನೋಡಿದ. ಜೊತೆಯವನು ಆಕಾಶ ನೋಡಿದ. ಇಬ್ಬರೂ ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಹುಟ್ಟಿದಾಗಿನಿಂದ ಜನ ನನ್ನನ್ನು ಮುಟ್ಟದೆ ಸರಿದು ಹೋಗಿದ್ದಾರೆ. ಅದು ನನ್ನ ಕೆಲಸಕ್ಕೆ ಬಂದದ್ದು ಅವತ್ತೇ ಮೊದಲು. ಅತ್ತೆ ನನ್ನ ಪಕ್ಕದ ಗಂಟಿನ ಮೇಲೆ ಆರಾಮವಾಗಿ ಕೂತು ಕಾಲು ಚಾಚಿದಳು. “ವಾಸನೆ ತುಂಬ ಇದೆಯೇನೇ?” ಅಂತ ಕೇಳಿದಳು. “ತುಂಬ ಇದೆ ಅತ್ತೆ” ಅಂದೆ. “ನಂಗೇನೂ ತೊಂದ್ರೆ ಇಲ್ಲಪ್ಪ” ಅಂದಳು.

ಅಕ್ಕಪಕ್ಕದ ಮನೆಗಳಿಂದ ಸಾಹೇಬನಿಗೆ ಬೈಗುಳ ಶುರುವಾಯಿತು. ನಮ್ಮ ಬೀದಿಯಲ್ಲಿ ಇಷ್ಟು ದಿನ ವ್ಯಾನು ನಿಂತಾಗ ಬಾರದ ಸಿಟ್ಟು ಅವರಿಗೆ ಒಂದು ಗಂಟೆಯಲ್ಲಿ ಬಂದಿತ್ತು. ಕಿಟಕಿ ಕಿಟಕಿಯಿಂದ ಕೂಗಿದರು, ನಮಗಲ್ಲ, ಅವನಿಗೆ.

“ಏನು ಬೇಕು ನಿಂಗೆ?” ಕೊನೆಗೆ ಅವನು ಕೇಳಿದ. ದನಿ ಒಡೆದಿತ್ತು.

“ಬೀಗದ ಕೈ. ಆಸ್ಪತ್ರೆ ಬಟ್ಟೆಗೆ ಗ್ಲೌಸು, ದಿನಾ. ನಮ್ಮತ್ತೆಯನ್ನ ಡಾಕ್ಟ್ರು ನೋಡಬೇಕು.”

“ಆಯ್ತು, ಆಯ್ತು, ಎಲ್ಲ ಆಯ್ತು!” ಜೇಬಿಂದ ಬೀಗದ ಕೈ ತೆಗೆದು ಬಾಲ್ಕನಿಯಿಂದ ಎಸೆದ. ಅದು ಗೇಟಿನ ಒಳಗೆ, ಕುಂಡದ ಪಕ್ಕ ಬಿತ್ತು.

ನಾನು ಏಳಲಿಲ್ಲ.

“ನಾಯಿಗೆ ಎಸೆದ ಹಾಗೆ ಎಸೆದ್ರೆ ತಗೊಳ್ಳಲ್ಲ. ಕೆಳಗೆ ಬಂದು ಕೈಗೆ ಕೊಡಿ.”

ಅವನು ಒಳಗೆ ಹೋದ. ಬರುವುದಿಲ್ಲ ಅಂದುಕೊಂಡೆ. ಆಮೇಲೆ ಬಾಗಿಲು ತೆರೆಯಿತು. ಮಾಸ್ಕು ಹಾಕಿಕೊಂಡು, ಮೊಣಕೈವರೆಗೆ ನೀಲಿ ಗ್ಲೌಸು ಹಾಕಿಕೊಂಡು ಬಂದ. ಕುಂಡದ ಪಕ್ಕ ಬಗ್ಗಿ ಬೀಗದ ಕೈ ಎತ್ತಿಕೊಂಡ. ಗೇಟನ್ನು ಒಂದು ಗೇಣು ತೆರೆದು ತೋಳು ಮಾತ್ರ ಹೊರಗೆ ಚಾಚಿದ.

“ಗ್ಲೌಸು ತೆಗೀರಿ” ಅಂದೆ.

“ಏನು?”

“ನಾನು ಬರಿಗೈಯಲ್ಲಿ ನಿಮ್ಮ ಹಾಸಿಗೆ ಒಗೆದಿದ್ದೀನಿ. ನೀವು ಬರಿಗೈಯಲ್ಲಿ ಒಂದು ಬೀಗದ ಕೈ ಕೊಡಿ.”

ಅವನು ಪೊಲೀಸರ ಕಡೆ ನೋಡಿದ, ಕಿಟಕಿಗಳ ಕಡೆ ನೋಡಿದ. ಗಂಟಿನಿಂದ ನೀರು ಸೋರಿ ಅವನ ಚಪ್ಪಲಿಯ ಕಡೆ ಹರಿಯುತ್ತಿತ್ತು. ಗ್ಲೌಸು ಕಿತ್ತ. ಒಳಗಿನ ಕೈ ಮೆತ್ತಗೆ, ಬೆಳ್ಳಗೆ, ಬೆವರಿ ಸುಕ್ಕಾಗಿತ್ತು. ನಾನು ಎದ್ದು ಹೋಗಿ ಅಂಗೈ ಚಾಚಿದೆ. ಬಿರುಕು, ಹುಣ್ಣು, ಸುಟ್ಟ ಕಲೆ, ಎಲ್ಲ ಅವನಿಗೆ ಕಾಣಲಿ ಅಂತ ಚೆನ್ನಾಗಿ ಬಿಡಿಸಿ ಚಾಚಿದೆ. ಅವನು ಮುಖ ಆಚೆ ತಿರುಗಿಸಿ ಬೀಗದ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟ.

ನಾನು ಮುಷ್ಟಿ ಮುಚ್ಚಿದೆ. ಅವನ ಬೆರಳುಗಳನ್ನೂ ಸೇರಿಸಿಯೇ ಮುಚ್ಚಿದೆ. ಸಾಹೇಬ ಹೆದರಿ ಕೈ ಎಳೆದುಕೊಳ್ಳಲು ನೋಡಿದ, ಇನ್ನೊಂದು ಕೈಯಿಂದ ಗೇಟು ಹಿಡಿದು ಜಗ್ಗಿದ. ಎಷ್ಟೋ ವರ್ಷ ಒದ್ದೆ ಬೆಡ್‌ಶೀಟು ಹಿಂಡಿದ ಕೈ ನನ್ನದು. ಬಿಡಲಿಲ್ಲ.